ಡಬ್ಬಿಯ ಬೆನ್ನಿಗೆ ಹಚ್ಚಿದ ಗಂಧ

"ಇದನ್ನ ನೀವು ಮುಟ್ಟೇ ಇಲ್ಲ. ಹೌದಿಲ್ಲೋ?"

ಸಬ್ ಇನ್‌ಸ್ಪೆಕ್ಟರ್ ಯಶೋಧರಾ ಆ ಕಬ್ಬಿಣದ ಡಬ್ಬಿಯನ್ನು ಸತ್ಯಾತ್ಮನ ಮೇಜಿನ ಮೇಲೆ ಕುಕ್ಕಿದ ರಭಸಕ್ಕೆ ಒಳಗಿನ ಸ್ಪ್ರಿಂಗುಗಳೆಲ್ಲ ಝಲ್ಲೆಂದವು. ಅದಕ್ಕೆ ಮೈಕು ಹಚ್ಚಿರಲಿಲ್ಲ, ಕರೆಂಟು ಕೊಟ್ಟಿರಲಿಲ್ಲ, ಆದರೂ ಆ ಸದ್ದು ಕೋಣೆಯನ್ನೆಲ್ಲ ಒಂದು ಸುತ್ತು ಹಾಕಿ ನಿಧಾನಕ್ಕೆ ಅಡಗಿತು.

"ಹಗೂರಕ ಮೇಡಂ," ಬಾಗಿಲ ಬಳಿ ನಿಂತಿದ್ದ ಹೆಡ್ ಕಾನ್‌ಸ್ಟೇಬಲ್ ಹುಲುಗೇಶ್ ತಡವರಿಸಿದ. "ಕೇಸಿನ ಮಾಲು ಅದು. ಸಾಹೇಬ್ರನ್ನ ಕೇಳಲಾರ್ದ ತಂದೀವಿ."

"ಸಾಹೇಬ್ರು ನೋಡಬೇಕಾದಾಗ ನೋಡಿದ್ರ ನಾ ಯಾಕ ಇದನ್ನ ಹೊತ್ಕೊಂಡು ಬರ್ತಿದ್ದೆ?"

ಇನ್‌ಸ್ಪೆಕ್ಟರ್ ಸಾಹೇಬರ ಮೇಲೆ ಅವಳಿಗೆ ಕೆಂಡದಂಥ ಕೋಪವಿತ್ತು. ಇರಬೇಕಾದದ್ದೇ. ವಿಜಯದಶಮಿಯ ಸಂಜೆ ಕುರುಗೋಡಿನ ತಮ್ಮ ವರ್ಕ್‌ಶಾಪಿನಲ್ಲಿ ಸುಂಕಣ್ಣ ಮೇಷ್ಟ್ರು ಇದೇ ಡಬ್ಬಿಯನ್ನು ಬಿಚ್ಚಿಕೊಂಡು ಕೂತಿದ್ದಾಗ ಯಾರೋ ಗೋಡೆಯ ಸ್ವಿಚ್ಚು ಒತ್ತಿ, ಕರೆಂಟು ಹಾಯಿಸಿ ಅವರನ್ನು ಕೊಂದಿದ್ದರು. ಆ ಹೊತ್ತಿನಲ್ಲಿ ಅವರ ಮಗ ಭೀಮರಾಜ ಕುರುಗೋಡಿನ ಬಸ್ ಸ್ಟ್ಯಾಂಡಿನಲ್ಲಿ ಕಂಡಿದ್ದನೆಂಬ ಒಂದೇ ಕಾರಣಕ್ಕೆ ಅವನನ್ನು ಹಿಡಿದು ಜೈಲಿಗೆ ಹಾಕಿದ್ದಾಯಿತು. ಒಬ್ಬ ಸಿಕ್ಕನಲ್ಲ, ಇನ್ನೊಬ್ಬನನ್ನು ಹುಡುಕುವ ಉಸಾಬರಿ ಯಾರಿಗೆ ಬೇಕು? ಇನ್ನೇನು ಚಾರ್ಜ್‌ಶೀಟು ಕೋರ್ಟಿಗೆ ಹೋಗುವುದರಲ್ಲಿತ್ತು. ಅಷ್ಟರೊಳಗೆ ನಿಜವಾದ ಕೊಲೆಗಾರನನ್ನು ತೋರಿಸದಿದ್ದರೆ ಭೀಮರಾಜನ ಬದುಕು ಮುಗಿದ ಹಾಗೆಯೇ.

ಕೆಳಗೆ ರಸ್ತೆಯಲ್ಲಿ, ಜೀಪಿನ ಹಿಂದಿನ ಸೀಟಿನಲ್ಲಿ ಭೀಮರಾಜನ ತಾಯಿ ಹನುಮಮ್ಮ ಕೂತಿದ್ದಳು. ಬೆಳಿಗ್ಗೆ ದೇಶನೂರಿನಿಂದ ಬಂದವಳು, "ನನ್ನ ಮಗನ್ನ ಬಿಡಿಸ್ಕೊಂಡು ಬರ್ತೀ ಅಲ್ಲೇನವಾ?" ಎಂದು ಕೇಳಿ, ಯಶೋಧರಾಳ ಬಾಯಿಂದ ಹೌದೆನ್ನಿಸಿಕೊಂಡ ಮೇಲೆಯೇ ಜೀಪು ಹತ್ತಿದ್ದಳು.

ಸತ್ಯಾತ್ಮ ಕನ್ನಡಕ ತೆಗೆದು ಒರೆಸಿಕೊಂಡ. ಊರಿನ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುವವನು. ಪಾರ್ವತಿನಗರದ ಈ ಮನೆಯ ಮಹಡಿ ಕೋಣೆಯನ್ನೇ ಸ್ಟುಡಿಯೋ ಮಾಡಿಕೊಂಡಿದ್ದ. ಎರಡು ದೊಡ್ಡ ಸ್ಪೀಕರು, ಒಂದು ಕಂಪ್ಯೂಟರು, ಮೂಲೆಯಲ್ಲಿ ಬಟ್ಟೆ ಹೊದಿಸಿದ ತಂಬೂರಿ.

"ನಾನು ಮೊದಲೇ ಹೇಳೀನಿ," ಎಂದ. "ಈ ಡಬ್ಬಿ ಹಚ್ಚಿ ಹಾಡಿದ ಕಾರ್ಯಕ್ರಮಗಳ ರೆಕಾರ್ಡಿಂಗ್ ಕೇಳಿ ಕೇಳಿ ನನ್ನ ಸಾಫ್ಟ್‌ವೇರ್ ಮಾಡೀನಿ. ಡಬ್ಬಿ ನಾನು ಹತ್ರದಿಂದ ನೋಡೇ ಇಲ್ಲ."

ನೋಡೇ ಇಲ್ಲವಂತೆ! ಕೇಳಿ ಯಶೋಧರಾಳ ಮೈಯೆಲ್ಲ ಉರಿಯಿತು.

ಸುಂಕಣ್ಣ ಮೇಷ್ಟ್ರು ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸಿ ನಿವೃತ್ತರಾದವರು. ಯಶೋಧರಾ ಕೂಡ ಅವರಿಂದಲೇ ಕಲಿತವಳು, ಬೇಕಾದಷ್ಟು ಬೈಸಿಕೊಂಡವಳು. ಸಿರುಗುಪ್ಪದ ರೈಸ್‌ಮಿಲ್ಲಿನ ಗುಜರಿಯಲ್ಲಿ ಆಯ್ದ ಸ್ಪ್ರಿಂಗುಗಳಿಗೆ ಹಳೆಯ ರೇಡಿಯೋದ ವಾಲ್ವು ಜೋಡಿಸಿ ಮೇಷ್ಟ್ರು ಈ ಡಬ್ಬಿ ಕಟ್ಟಿದ್ದರು. ಮೈಕಿನ ವೈರನ್ನು ಇದರೊಳಗಿಂದ ಹಾಯಿಸಿದರೆ ಸಾಕು, ಹೊಲದ ನಡುವೆ ನಿಂತು ಹಾಡಿದರೂ ಕಲ್ಲಿನ ಮಂಟಪದಲ್ಲಿ ಹಾಡಿದ ಹಾಗೆ ಕೇಳುತ್ತಿತ್ತು. ಸುತ್ತಮುತ್ತಲಿನ ಭಜನೆಯವರು, ಬಯಲಾಟದವರು ಇದಕ್ಕಾಗಿ ದೇಶನೂರಿಗೆ ಬಂದು ಮೇಷ್ಟ್ರ ಕಟ್ಟೆಯ ಮೇಲೆ ಕಾಯುತ್ತಿದ್ದರು.

ಇದ್ದದ್ದು ಇದೊಂದೇ. ಇಂಥವನ್ನೇ ಇನ್ನಷ್ಟು ಕಟ್ಟಿ ಮಾರಬೇಕೆಂದು ಭೀಮರಾಜ ಸಿರುಗುಪ್ಪದಲ್ಲಿ ಶೆಡ್ ಹಾಕಿ ಕೂತಿದ್ದ. ಅಪ್ಪ ಇವತ್ತು ಕಲಿಸುತ್ತೇನೆ, ನಾಳೆ ಕಲಿಸುತ್ತೇನೆ ಎನ್ನುತ್ತಲೇ ಇದ್ದರು.

ಕಂಪ್ಯೂಟರಿನಲ್ಲಿ ಇದೇ ಕೆಲಸ ಆಗುತ್ತದೆಂದು ಯಾರಾದರೂ ಬಾಯಿ ತೆಗೆದರೆ ಮೇಷ್ಟ್ರು ಮೈಮೇಲೆ ಬೀಳುತ್ತಿದ್ದರು. "ಸಾಫ್ಟ್‌ವೇರ್ ಅಂದ್ರ ಫೋಟೋದಾಗಿನ ಊಟಲೇ. ನೋಡಾಕ ಚೆಂದ, ಹೊಟ್ಟಿಗೆ ಬೀಳಂಗಿಲ್ಲ" ಎನ್ನುತ್ತಿದ್ದರು. ಅಂಥ ಮನುಷ್ಯ ಮಣ್ಣಾಗಿ ಕೆಲವು ವಾರ ಕಳೆದಿರಲಿಲ್ಲ, ಸತ್ಯಾತ್ಮನ 'ಅನುರಣನ' ಎಂಬ ಸಾಫ್ಟ್‌ವೇರ್ ಬಂದಿತ್ತು. ಫೋನಿಗೆ ಹಾಕಿಕೊಂಡರೆ ಎಂಥವರ ದನಿಗೂ ಮೇಷ್ಟ್ರ ಡಬ್ಬಿಯ ಮಾರ್ದನಿ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

"ರೆಕಾರ್ಡಿಂಗಿನಾಗ ಹಾಡು ಇರ್ತೈತಿ," ಎಂದಳು ಯಶೋಧರಾ. "ತಬಲಾ ಇರ್ತೈತಿ, ಮಂದಿ ಕೆಮ್ಮಿದ್ದು ಇರ್ತೈತಿ. ಅದೆಲ್ಲಾ ಬಿಟ್ಟು ಬರೇ ಸ್ಪ್ರಿಂಗಿನ ಗುಣ ಹೆಂಗ ಸೋಸಿ ತೆಗದ್ರಿ?"

"ಅದಕ್ಕ ದಾರಿ ಅವ. ಲೆಕ್ಕ ಅದ. ನಿಮಗ ಹೇಳಿದ್ರ ತಿಳಿಯೂದಿಲ್ಲ."

"ನನಗ ತಿಳಿಯಾಂಗಿಲ್ಲ?" ಅವಳು ಮೇಜಿನ ಮೇಲೆ ಕೈಯೂರಿ ಬಾಗಿದಳು. "ನಾನೂ ಅದನ್ನ ಓದಿ ಬಂದಾಕಿ. ಡಬ್ಬಿ ಮುಂದ ಇಟ್ಕೋಬೇಕು. ತಗ್ಗಿನ ಸ್ವರದಿಂದ ಹಿಡದು ಕಿವಿಗೆ ಮುಟ್ಟಲಾರ್ದಷ್ಟು ಎತ್ತರದ ಸ್ವರದ ತನಕ ಒಂದು ಶಿಳ್ಳಿ ಅದರಾಗ ಹಾಯಿಸಬೇಕು. ಹೊರಗ ಬಂದದ್ದನ್ನ ಹಿಡಕೋಬೇಕು. ಅಂದ್ರ ಮಾತ್ರ ಇಷ್ಟು ಹುಬೇಹೂಬು ಬರ್ತೈತಿ. ಡಬ್ಬಿ ಇಲ್ದ ಆಗೂ ಕೆಲಸ ಅಲ್ಲ ಇದು."

ಸತ್ಯಾತ್ಮನಿಗೂ ಸಿಟ್ಟು ಬಂತು. ಮೆತ್ತಗಿನ ಮನುಷ್ಯರ ಸಿಟ್ಟು ಮುಖಕ್ಕಿಂತ ಮೊದಲು ಕಿವಿಗೆ ಏರುತ್ತದೆ. ಅವನ ಕಿವಿ ಎರಡೂ ಕೆಂಪಾದವು.

"ಆಯ್ತು, ಡಬ್ಬಿ ದೊಡ್ಡದು. ಯಾರಿಗೆ ಸಿಕ್ತು ಅದು ಹೇಳ್ರಿ? ಒಂದೇ ಒಂದು ಡಬ್ಬಿ, ಅದೂ ಮೇಷ್ಟ್ರ ಮನಸ್ಸು ಬಂದ್ರ. ಇವತ್ತು ಭಜನಿ ಹಾಡೂ ಹೆಣ್ಣುಮಗಳೊಬ್ಬಾಕಿ ತನ್ನ ಫೋನಿನಾಗ ಅದೇ ಧ್ವನಿ ಕೇಳ್ಯಾಳ. ಒಂದು ಪೈಸಾ ಇಸಕೊಂಡಿಲ್ಲ ನಾನು. ಅದು ಕಳ್ಳತನ ಏನು?"

"ಧ್ವನಿ ಕೊಟ್ರಿ, ಚೊಲೊ ಆತು. ಮೇಷ್ಟ್ರ ಹೆಸರು ಎಲ್ಲೈತಿ ಅದರಾಗ?"

ಅವನು ಕಂಪ್ಯೂಟರಿನ ಕಡೆ ಮುಖ ತಿರುಗಿಸಿದ.

"ಎಲ್ಲೈತ್ರೀ? ಫೋನ್ ಪೂರ್ತಿ ತಡಕಾಡಿ ನೋಡೀನಿ. ನಿಮ್ಮ ಹೆಸರೈತಿ. ನಿಮ್ಮ ಫೋಟೋನೂ ಐತಿ. ಜೀವಮಾನ ತೇಯ್ದು ಮಾಡಿದ ಮನಶ್ಯಾನ ಹೆಸರಿಗೆ ಮೂರಕ್ಷರದ ಜಾಗ ಸಿಗಲಿಲ್ಲೇನು? ನಮ್ಮ ಮಂದಿ ಮಾಡಿದ್ದು ಬೇಕು, ಹೆಸರು ಮಾತ್ರ ಬ್ಯಾಡ. ಇದು ಯಾವ ಕಾಲದಿಂದ ನಡದು ಬಂದೈತಿ ನಿಮಗ ಗೊತ್ತಿಲ್ಲೇನು?"

"ಜಾತಿ ಮಾತು ತರಬ್ಯಾಡ್ರಿ ಮೇಡಂ."

"ನಾ ತಂದಿಲ್ಲ. ಇದು ತಂದೈತಿ."

ಎಂದವಳೇ ಡಬ್ಬಿಯನ್ನು ಎತ್ತಿ ಬೆನ್ನು ಮೇಲೆ ಮಾಡಿ ಇಟ್ಟಳು. ಬೂದು ಬಣ್ಣದ ತಗಡಿನ ಮೇಲೆ, ಮೊಳೆಯ ಪಕ್ಕದಲ್ಲಿ, ಒಣಗಿದ ಗಂಧದ ಬೊಟ್ಟು. ಗಂಧದ ನಡುವೆ ಕುಂಕುಮ. ಅದಕ್ಕೆ ಕಚ್ಚಿಕೊಂಡ ಒಂದು ಅಕ್ಷತೆಕಾಳು.

ಸತ್ಯಾತ್ಮ ಅದನ್ನು ನೋಡಿದ. ಕಿವಿಯ ಕೆಂಪು ಇಳಿಯಿತು.

"ಆಯುಧ ಪೂಜಾ ಮಾಡಿರ್ತಾರ," ಎಂದ, ಬಲು ಸಣ್ಣ ದನಿಯಲ್ಲಿ.

"ಯಾರು ಮಾಡಿರ್ತಾರ? ಸುಂಕಣ್ಣ ಮೇಷ್ಟ್ರ ಮನ್ಯಾಗ? ಬುದ್ಧಂದು, ಬಾಬಾಸಾಹೇಬ್ರದು ಬಿಟ್ರ ಆ ಮನ್ಯಾಗ ಇನ್ನೊಂದು ಫೋಟೋ ಇಲ್ಲ. ಮಗ ಬೈಕಿಗೆ ನಿಂಬಿಹಣ್ಣು ಕಟ್ಟಿದ್ದಕ್ಕ ಮೂರು ದಿನ ಮಾತು ಬಿಟ್ಟಿದ್ರು ಅವರು. ಆ ಮನ್ಯಾಗ ಈ ಡಬ್ಬಿಗೆ ಗಂಧ ಹಚ್ಚಾಕ ಯಾರಿಗೆ ಧೈರ್ಯ ಐತಿ?"

ನಗಬೇಕೋ ಅಳಬೇಕೋ ತಿಳಿಯದ ಸಂಗತಿಯೆಂದರೆ, ಠಾಣೆಯಲ್ಲಿ ಈ ಬೊಟ್ಟು ಎಲ್ಲರ ಕಣ್ಣಿಗೂ ಬಿದ್ದಿತ್ತು. ಪಂಚನಾಮೆ ಬರೆದವನು ನೋಡಿದ್ದ, ಫೋಟೋ ತೆಗೆದವನು ನೋಡಿದ್ದ, ಸಾಹೇಬರೂ ನೋಡಿದ್ದರು. ವರ್ಷ ವರ್ಷ ಜೀಪಿಗೆ, ಬಂದೂಕಿಗೆ, ವೈರ್‌ಲೆಸ್ ಸೆಟ್ಟಿಗೆ, ಕೊನೆಗೆ ಲಾಠಿಗೂ ಗಂಧ ಹಚ್ಚುವ ಕೈಗಳಿಗೆ ಅದರಲ್ಲಿ ವಿಚಿತ್ರವೇನು ಕಂಡೀತು? ಗಂಧ ಇಲ್ಲದಿದ್ದರೆ ಅನುಮಾನಪಡುತ್ತಿದ್ದರೋ ಏನೋ. ಇವತ್ತು ಬೆಳಿಗ್ಗೆ ಯಶೋಧರಾ ಮೊದಲ ಸಲ ಡಬ್ಬಿಯನ್ನು ಕೈಯಾರೆ ತಿರುಗಿಸಿ ನೋಡಿದ್ದಳು, ನೋಡಿ ಅಲ್ಲೇ ಕೂಗಿಕೊಂಡಿದ್ದಳು.

"ಪೂಜಿ ನಮ್ಮ ಸ್ಟೇಷನ್ನಾಗ ಆಗಿರಬೇಕಲ್ರೀ ಮೇಡಂ," ಹುಲುಗೇಶ್ ಮತ್ತೆ ಬಾಯಿ ಹಾಕಿದ.

"ಹೆಂಗ ಆಗ್ತೈತಿ ಹುಲುಗೇಶಣ್ಣ? ಆಯುಧ ಪೂಜಿ ಆದ ಮರುದಿನ ಮೇಷ್ಟ್ರು ಸತ್ತದ್ದು. ಡಬ್ಬಿ ನಮ್ಮ ಕೈಗೆ ಬಂದದ್ದು ಅದರ ಮ್ಯಾಲೆ." ಅವಳು ಸತ್ಯಾತ್ಮನತ್ತ ತಿರುಗಿದಳು. "ಪೂಜಿ ದಿನ ಡಬ್ಬಿ ದೇಶನೂರಿನ ಅಟ್ಟದ ಮ್ಯಾಲಿತ್ತು, ಮನಿ ಬಿಟ್ಟು ಹೊರಗ ಹೋಗಿಲ್ಲ ಅಂತ ಭೀಮರಾಜ ಹೇಳ್ಯಾನ, ಅವನ ತಾಯಿ ಹೇಳ್ಯಾಳ. ಅವರಿಗೆ ಗೊತ್ತಾಗಲಾರ್ದಂಗ ಅದು ಪೂಜಿ ಮಾಡೂ ಮನಿಯೊಂದಕ್ಕ ಬಂದೈತಿ. ಕದ್ದು ತಂದ್ರಿ. ಮೇಷ್ಟ್ರಿಗೆ ತಿಳೀತು. ಕುರುಗೋಡಿಗೆ ಹೋದ್ರಿ. ಸ್ವಿಚ್ ಒತ್ತಿದ್ರಿ. ಅಷ್ಟೇ ಅಲ್ಲೇನು?"

"ಇಲ್ಲ!"

"ಹಂಗಾದ್ರ ಹೇಳ್ರಿ!"

ಅವನು ಹೇಳಲಿಲ್ಲ. ಹೇಳುವುದಿಲ್ಲವೆಂದು ಯಾರಿಗೋ ಆಣೆ ಇಟ್ಟವನ ಹಾಗೆ ಸುಮ್ಮನೆ ನಿಂತುಬಿಟ್ಟ.

ಅಷ್ಟರಲ್ಲಿ ಮೆಟ್ಟಿಲ ಮೇಲೆ ಬಳೆ ಸದ್ದಾಯಿತು. ಸತ್ಯಾತ್ಮನ ತಾಯಿ ಇಂದಿರಾಬಾಯಿ ತಟ್ಟೆಯಲ್ಲಿ ಚಹಾ ಲೋಟಗಳನ್ನು ಇಟ್ಟುಕೊಂಡು ಏದುಸಿರು ಬಿಡುತ್ತ ಬಂದರು. ಪೊಲೀಸರು ಬಂದದ್ದು ಮಗನ ಸಾಫ್ಟ್‌ವೇರಿನ ಬಗ್ಗೆ ಏನೋ ಕೇಳಲಿಕ್ಕೆ ಎಂದಷ್ಟೇ ಅವರಿಗೆ ಗೊತ್ತು.

"ನಿಂತೇ ಮಾತಾಡ್ತೀರಲ್ಲ, ಕೂಡ್ರಿ," ಎಂದವರು ಮೇಜಿನ ಕಡೆ ನೋಡಿ ಕಣ್ಣರಳಿಸಿದರು. "ಅಯ್ಯ, ಈ ಡಬ್ಬಿ ಮತ್ತ ಬಂತೇನೋ ಸತ್ಯಾ! ನೋಡು, ನಾ ಹಚ್ಚಿದ ಗಂಧ ಇನ್ನೂ ಹಂಗೇ ಅದ."

ಹುಲುಗೇಶನ ಕೈ ಜೇಬಿನ ಪೆನ್ನಿಗೆ ಹೋಯಿತು.

"ಅಮ್ಮಾ, ನೀ ಕೆಳಗ ನಡಿ," ಎಂದ ಸತ್ಯಾತ್ಮ.

"ಯಾಕ ಕಳಸ್ತೀರಿ? ಇರಲಿ," ಯಶೋಧರಾ ಅಡ್ಡ ಬಂದಳು. "ಅಮ್ಮಾರ, ಇದಕ್ಕ ಗಂಧ ಹಚ್ಚಿದವರು ನೀವೇನ್ರಿ?"

"ನಾನಲ್ದ ಮತ್ಯಾರ್ರಿ? ಆಯುಧ ಪೂಜಾ ದಿನ ಮನಿಯೊಳಗ ಏನೇನು ಸಾಮಾನು ಅದ ಎಲ್ಲಾಕ್ಕೂ ಹಚ್ಚೂದು ನಮ್ಮ ಪದ್ಧತಿ. ತಂಬೂರಿಗೆ ಹಚ್ಚಿದೆ, ಇವನ ಕಂಪ್ಯೂಟರಿಗೆ ಹಚ್ಚಿದೆ, ಮಿಕ್ಸರಿಗೆ, ಸ್ಕೂಟರಿಗೆ ಹಚ್ಚಿದೆ. ಇದೂ ಇಲ್ಲೇ ಇತ್ತು. ಬಿಟ್ರ ಹೆಂಗ ನಡೀತದ?"

"ಹುಲುಗೇಶಣ್ಣ, ಬರ್ಕೋ!" ಯಶೋಧರಾಳ ದನಿ ಗೆದ್ದವರ ದನಿಯಾಗಿತ್ತು. ಜೀಪಿನಲ್ಲಿದ್ದ ಹನುಮಮ್ಮನಿಗೆ ಕೇಳಿಸಲೆಂದೇ ಕೂಗಿದಳೋ ಏನೋ. "ಅಮ್ಮಾರ, ಇನ್ನೊಂದೇ ಮಾತು. ಈ ಡಬ್ಬಿನ ಈ ಮನಿಗೆ ತಂದವರು ಯಾರು?"

"ಯಾರಂದ್ರ?" ಇಂದಿರಾಬಾಯಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಸುಂಕಣ್ಣ ಮೇಷ್ಟ್ರೇ ತಂದ್ರು. ನಿಮ್ಮ ಪಕ್ಕ ಅದಲ್ಲ, ಅದೇ ಕುರ್ಚಿ ಮ್ಯಾಲ ಕೂತಿದ್ರು ಪಾಪ. ನಿಮಗ ನಡೀತದೇನ್ರಿ, ಗಂಧ ಹಚ್ಚಲೇನು ಅಂತ ಅವರನ್ನೇ ಕೇಳಿದೆ. 'ಮನಿ ನಿಮ್ಮದು, ಹಚ್ರಿ ತಾಯಿ. ನಮ್ಮ ಮನ್ಯಾಗ ಮಾತ್ರ ಹೇಳಬ್ಯಾಡ್ರಿ' ಅಂತ ನಕ್ಕರು."

"ಸುಳ್ಳು!"

ಯಶೋಧರಾಳ ಕೂಗಿಗೆ ಮುದುಕಿಯ ಕೈಯಲ್ಲಿದ್ದ ತಟ್ಟೆ ವಾಲಿ ಚಹಾ ಚೆಲ್ಲಿತು.

"ನಮ್ಮ ತಾಯಿ ಮುಂದ ಒದರಬ್ಯಾಡ್ರಿ!" ಸತ್ಯಾತ್ಮ ಈಗ ನಿಜಕ್ಕೂ ಕೂಗಿದ. ತಾಯಿಯ ಕೈಯಿಂದ ತಟ್ಟೆ ಇಸಿದುಕೊಂಡು ಮೇಜಿನ ಮೇಲಿಟ್ಟ. "ಮೇಷ್ಟ್ರು ಮಾತು ತಗೊಂಡಿದ್ರು, ಅದಕ್ಕ ಇಷ್ಟು ದಿನ ಸುಮ್ಮನಿದ್ದೆ. ಅವರಿಗೆ ಕಿವಿ ಹೋಗ್ತಿತ್ತು, ಗೊತ್ತೇನು ನಿಮಗ? ಎತ್ತರದ ಸ್ವರ ಒಂದೂ ಕೇಳ್ತಿರಲಿಲ್ಲ. ಸ್ಪ್ರಿಂಗ್ ಬಿಗಿ ಮಾಡೂದು ಕಿವಿಯ ಕೆಲಸ. ಅವರ ಕೈಲೆ ಇನ್ನೊಂದು ಡಬ್ಬಿ ಆಗ್ತಿರಲಿಲ್ಲ. ಮಗನಿಗೆ ಕಲಿಸೂದು ಹೆಂಗ? ಅದಕ್ಕ ಕದ್ದು ನನ್ನ ಕಡೆ ಬರ್ತಿದ್ರು."

"ಫೋಟೋದಾಗಿನ ಊಟ ಅಂತಿದ್ದ ಮನಶ್ಯಾ ನಿನ್ನ ಕಡೆ ಬಂದ್ರು ಅಂತ ನಂಬಬೇಕೇನು?"

"ನನ್ನ ನಂಬಬ್ಯಾಡ್ರಿ. ಅವರನ್ನೇ ಕೇಳ್ರಿ."

ಅವನು ಕಂಪ್ಯೂಟರಿನ ಮುಂದೆ ಕೂತು ಆಯುಧ ಪೂಜೆಯ ದಿನದ ರೆಕಾರ್ಡಿಂಗು ಹುಡುಕಿ ಒತ್ತಿದ. ಆ ದೊಡ್ಡ ಸ್ಪೀಕರುಗಳಿಂದ ತಗ್ಗಿನ ಸ್ವರವೊಂದು ಹೊರಟು, ಏರುತ್ತ ಏರುತ್ತ ಹೋಗಿ ಕಿವಿ ಕೊರೆದು ನಿಂತಿತು. ಅಳತೆಗೆ ಹಾಯಿಸಿದ ಶಿಳ್ಳೆ. ಅದರ ಹಿಂದೆಯೇ, ಪಕ್ಕದಲ್ಲಿ ನಿಂತು ಆಡಿದಷ್ಟು ಸ್ಪಷ್ಟವಾಗಿ, ಸತ್ತವರ ದನಿ ಬಂತು.

"ಮ್ಯಾಲಿಂದು ಬಂತೇನಲೇ ಸತ್ಯಾ? ನನಗಂತೂ ಕೇಳವಲ್ದು."

"ಬಂತ್ರೀ ಸರ್. ಪೂರ್ತಿ ಬಂತು."

"ಬಂತಲ್ಲ, ಸಾಕು. ಇನ್ನ ಸ್ಪ್ರಿಂಗ್ ಜಂಗ್ ಹಿಡೀಲಿ, ನಾ ಸಾಯ್ಲಿ, ಇದಕ್ಕೇನೂ ಆಗಾಂಗಿಲ್ಲ."

"ನಿಮ್ಮ ಹೆಸರು ಹಾಕ್ತೀನ್ರೀ ಸರ್."

"ಬ್ಯಾಡ. ಭೀಮಾ ನೋಡಿದ್ರ ಮುಗೀತು. ಶೆಡ್ ಕಟ್ಟಿ ಕುಂತಾನ ಹುಚ್ಚಪ್ಯಾಲಿ. ಅವನಿಗೆ ನಾನ ಹೇಳ್ತೀನಿ, ಹೇಳೂ ಮಟ ನೀ ಬಾಯಿ ಬಿಡಬ್ಯಾಡ."

ಯಶೋಧರಾ ಕುರ್ಚಿಯ ಬೆನ್ನು ಹಿಡಿದುಕೊಂಡಳು. ಸತ್ಯಾತ್ಮನ ಮೇಲಿದ್ದ ಸಿಟ್ಟು ಹೋಗಲು ಜಾಗವಿಲ್ಲದೆ ಮೇಷ್ಟ್ರ ಮೇಲೆ ತಿರುಗಿತು. ಊರಿಗೆಲ್ಲ ಬೈದು, ಶಿಷ್ಯರಿಗೆಲ್ಲ ಬೈದು, ತಾವೇ ಇಲ್ಲಿ ಬಂದು ಕದ್ದು ಕೂತಿದ್ದರು. ಒಂದು ಮಾತು ಮನೆಯಲ್ಲಿ ಹೇಳಿದ್ದರೆ ಏನಾಗುತ್ತಿತ್ತು?

ಸ್ಪೀಕರಿನಲ್ಲಿ ಫೋನು ರಿಂಗಾಯಿತು. ಕಿವಿ ಮಂದವಾದವರು ಮಾಡುವ ಹಾಗೆ ಮೇಷ್ಟ್ರು ಅದನ್ನು ಜೋರಾಗಿ ಕೇಳುವಂತೆ ಇಟ್ಟಿರಬೇಕು. ಭೀಮರಾಜನ ದನಿ ಕೋಣೆಗೆ ನುಗ್ಗಿತು.

"ಅಪ್ಪಾ, ಡಬ್ಬಿ ಎಲ್ಲೈತಿ?"

"ಅಟ್ಟದ ಮ್ಯಾಲೈತಲೇ. ಇನ್ನೆಲ್ಲಿರ್ತೈತಿ?"

"ಅಟ್ಟ ಹತ್ತೇ ಮಾತಾಡಾಕತ್ತೀನಿ. ಇಲ್ಲಿಲ್ಲ."

ಭೀಮರಾಜನ ಉಸಿರು ಕೇಳುತ್ತಿತ್ತು.

"ಆ ಕಂಪ್ಯೂಟರ್‌ನವನ ಮನಿಗೆ ಒಯ್ದೀ ಅಲ್ಲ? ನನಗ ಮಂದಿ ಹೇಳಿದ್ರು, ನಾ ನಂಬಿರಲಿಲ್ಲ. ನಾಳೆ ಕುರುಗೋಡಿಗೆ ಬರ್ತೀನಿ ತಡಿ. ನಿನ್ನೂ ಆ ಡಬ್ಬಿನೂ ಕೂಡೇ ಸುಟ್ಟು ಬಿಡ್ತೀನಿ."

ಅಲ್ಲಿಗೆ ನಿಂತಿತು.

ಜೈಲಿನಲ್ಲಿ ಭೀಮರಾಜ ಅವಳ ಮುಂದೆ ಕೂತು ಹೇಳಿದ್ದು ಬೇರೆ. ಅಪ್ಪನನ್ನು ಹಬ್ಬದ ಊಟಕ್ಕೆ ಕರೆಯಲು ಹೋಗಿದ್ದೆ, ಡಬ್ಬಿ ಹಿಂದಿನ ದಿನ ಅಟ್ಟದ ಮೇಲೇ ಇತ್ತು ಎಂದಿದ್ದ. ಅದನ್ನು ಅವಳು ನಂಬಿದ್ದಳು, ಸಾಹೇಬರ ಜೊತೆ ಜಗಳಾಡಿದ್ದಳು, ಮಾಲು ಕದ್ದು ತಂದಿದ್ದಳು. ಅವನನ್ನು ಬಿಡಿಸಲೆಂದು ಬಂದು ಅವನ ಕೊರಳಿಗೆ ಹಗ್ಗವನ್ನು ತಾನೇ ಹುಡುಕಿಕೊಟ್ಟಳು. ಥೂ, ಎಂದುಕೊಂಡಳು. ಯಾರಿಗೆಂದು ಅವಳಿಗೇ ತಿಳಿಯಲಿಲ್ಲ.

"ಮೇಡಂ," ಎಂದ ಹುಲುಗೇಶ್ ಮೆಲ್ಲಗೆ. ಅವನು ಬಾಗಿಲಿನತ್ತ ನೋಡುತ್ತಿದ್ದ.

ಹನುಮಮ್ಮ ಅಲ್ಲಿ ನಿಂತಿದ್ದಳು. ತೆರೆದ ಕಿಟಕಿಯಿಂದ ರಸ್ತೆಗೆ ಬಿದ್ದ ಗಂಡನ ದನಿ ಕೇಳಿ ಮೆಟ್ಟಿಲು ಹತ್ತಿ ಬಂದಿದ್ದಳು. ಮಗನ ದನಿಯನ್ನೂ ಕೇಳಿಸಿಕೊಂಡಿದ್ದಳು. ಅವಳ ಕಣ್ಣಲ್ಲಿ ಒಂದು ಹನಿ ನೀರಿಲ್ಲ.

"ಅದನ್ನ ಅಳಸಿ ಹಾಕಪ್ಪ," ಎಂದಳು ಸತ್ಯಾತ್ಮನಿಗೆ. "ಬರೇ ದನಿ ಅಲ್ಲೇನು? ಗುಂಡಿ ಒತ್ತಿದ್ರ ಹೋಗ್ತೈತಂತಲ್ಲ."

"ಅಳಸಿದ್ರ ಕಳ್ಳ ನಾನಾಗ್ತೀನಮ್ಮ. ಕೊಲೆಗಾರನೂ ನಾನೇ ಆಗ್ತೀನಿ," ಎಂದ ಸತ್ಯಾತ್ಮ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ.

ಹನುಮಮ್ಮ ಒಂದು ಕ್ಷಣ ಅವನನ್ನು, ಅವನ ಪಕ್ಕದಲ್ಲಿ ಗಾಬರಿಯಾಗಿ ನಿಂತ ಅವನ ತಾಯಿಯನ್ನು ನೋಡಿದಳು. ತಲೆಯಾಡಿಸಿದಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹುಲುಗೇಶನ ಎದುರು ಬಂದು ನಿಂತಳು.

"ಬರ್ಕೋ. ಸ್ವಿಚ್ ಒತ್ತಿದಾಕಿ ನಾನು."

"ಹನುಮಕ್ಕ!" ಎಂದಳು ಯಶೋಧರಾ.

"ನೀ ಸುಮ್ನಿರವಾ. ಬರ್ಕೋ ಅಣ್ಣಾ. ಮಗನ ಹೊಟ್ಟಿ ಮ್ಯಾಲೆ ಹೊಡದು ಮಂದಿಗೆ ದಾನ ಮಾಡಾಕ ಹೋಗ್ಯಾನಂತ ಸಿಟ್ಟು ಬಂತು. ಭೀಮಾ ಬರೂದ್ರಾಗ ನಾನ ಕುರುಗೋಡಿಗೆ ಹೋದೆ. ಕೆಲಸದಾಗ ಕುಂತಿದ್ದ, ಕಿವಿ ಕೇಳ್ತಿರಲಿಲ್ಲ, ನಾ ಬಂದಿದ್ದು ಗೊತ್ತಾಗಲಿಲ್ಲ. ಒತ್ತಿ ಬಂದೆ. ತಾಯಿನ್ನ ಉಳಸಾಕ ನನ್ನ ಮಗ ಬಾಯಿ ಬಿಡವಲ್ಲ, ಅಷ್ಟೇ."

ಹುಲುಗೇಶನ ಪೆನ್ನು ಓಡುತ್ತಿತ್ತು. ಒಂದು ಅಕ್ಷರ ಬಿಡದೆ ಬರೆದ. ಬರೆದು, ಹಾಳೆ ಮೇಜಿನ ಮೇಲಿಟ್ಟು, ಹನುಮಮ್ಮನ ಹೆಬ್ಬೆಟ್ಟು ಒತ್ತಿಸಿಕೊಂಡು, ಪೆನ್ನನ್ನು ಯಶೋಧರಾಳ ಕಡೆ ಚಾಚಿದ.

"ಕಥಿ ಸರಿಯಾಗಿ ಕೂಡ್ತೈತ್ರಿ ಮೇಡಂ. ಸಹಿ ಮಾಡ್ರಿ. ಹುಡುಗ ಬಚಾವಾದ."

ಹನುಮಮ್ಮ ಅವಳನ್ನೇ ನೋಡುತ್ತಿದ್ದಳು, ರೆಪ್ಪೆ ಬಡಿಯದೆ. ಬೇಡಿಕೊಳ್ಳುವ ನೋಟವಲ್ಲ ಅದು. ಬಾಯಿ ಬಿಟ್ಟೀಯಾ ಜೋಕೆ, ಎನ್ನುವ ನೋಟ.

ಏಕೆಂದರೆ ವಿಜಯದಶಮಿಯ ಆ ಸಂಜೆ, ಬಾಬಾಸಾಹೇಬರು ಧಮ್ಮ ದೀಕ್ಷೆ ಪಡೆದ ದಿನವೆಂದು, ಕುರುಗೋಡಿನಿಂದ ಎಷ್ಟೋ ದೂರದ ಸಿರುಗುಪ್ಪದ ಬುದ್ಧ ವಿಹಾರದಲ್ಲಿ ಊಟವಿತ್ತು. ದೀಪ ಹಚ್ಚಿದಾಗಿನಿಂದ ಕೊನೆಯ ಪಂಕ್ತಿ ಏಳುವ ತನಕ ಹನುಮಮ್ಮ ಅಲ್ಲಿಂದ ಕದಲದೆ ಪಾಯಸ ಬಡಿಸಿದ್ದಳು. ಅವಳ ಪಕ್ಕದಲ್ಲಿ ಪಾಯಸದ ಬಕೆಟ್ಟು ಹಿಡಿದು ನಡೆದವಳು ಯಶೋಧರಾ.